ಹೊಸ ಪೆಟ್ಟಿಗೆ ಒಪ್ಪದ ಈಳಿಗೆ ಮಣೆ

ಗೆದ್ದಳು. ನನ್ನ ಮೊಮ್ಮಗಳು ಗೆದ್ದಳು!

ಈ ಭಾನುವಾರ ತುಮಕೂರಿನಲ್ಲಿ ಕಾಲೇಜು ಮಕ್ಕಳಿಗೆ ಟಿ.ವಿ. ಮೇಲೆ ಆಡುವ ಫುಟ್ಬಾಲ್ ಪಂದ್ಯ ಇಟ್ಟಿದ್ದರು. ಎಲ್ಲೆಲ್ಲಿಂದಲೋ ಹುಡುಗರು ಬಂದಿದ್ದರು. ಒಬ್ಬೊಬ್ಬನ ಕುತ್ತಿಗೆಗೂ ಆನೆ ಕಿವಿಯಂಥ ಹೆಡ್‌ಫೋನು. ಅವರನ್ನೆಲ್ಲ ಒಬ್ಬೊಬ್ಬರನ್ನಾಗಿ ಸೋಲಿಸಿ ನನ್ನ ಮೊಮ್ಮಗಳು ಕಪ್ಪು ತಂದಳು. ಯಾರೋ ಹೇಳಿ ಕೇಳಿದ್ದಲ್ಲ, ಮೊದಲನೇ ಸಾಲಿನಲ್ಲಿ ಕೂತು ಕಣ್ಣಾರೆ ಕಂಡೆ. ಬಲಗೈಯಲ್ಲಿ ಅರ್ಧ ಆಟ, ಎಡಗಾಲಿನಲ್ಲಿ ಅರ್ಧ ಆಟ ಆಡಿ ಗೆದ್ದಳು. ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆ ಹೇಳಿದೆ, ಕಂಡಕ್ಟರಿಗೆ ಹೇಳಿದೆ, ಬಸ್ಸಿಳಿದ ಮೇಲೆ ಹಾಲಿನ ಡೇರಿ ಮುಂದೆ ನಿಂತಿದ್ದವರಿಗೆಲ್ಲ ಹೇಳಿದೆ. ಆದರೂ ಸಾಲದು ಅನ್ನಿಸಿ ಬರೆಯಲು ಕೂತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಆದರೆ ಸಂತೋಷ ಬರೆಯೋಣ ಅಂತ ಪೆನ್ನು ಹಿಡಿದರೆ ಅದರ ಹಿಂದೆಯೇ ಕಹಿಯೂ ಎದ್ದು ಬರುತ್ತದೆ. ಈ ದಿನ ಐದು ವರ್ಷದ ಹಿಂದೆಯೇ ಬರಬಹುದಿತ್ತು. ಬರಲಿಲ್ಲ. ಅದರಲ್ಲಿ ಆ ಆಟದ ಪೆಟ್ಟಿಗೆ ಮಾಡುವ ಕಂಪನಿಯವರ ಪಾಲು ಎಷ್ಟಿದೆಯೋ ನನ್ನ ಪಾಲೂ ಅಷ್ಟಿದೆ. ಎರಡನ್ನೂ ಹೇಳುತ್ತೇನೆ.

ಹುಟ್ಟುವಾಗಲೇ ಮಗುವಿನ ಎಡಭುಜಕ್ಕೆ ಏಟಾಗಿತ್ತು. ಕೈ ಇದೆ, ಐದು ಬೆರಳೂ ಇವೆ, ಆದರೆ ಎತ್ತಲು ಆಗುವುದಿಲ್ಲ, ಹಿಡಿತ ಇಲ್ಲ. ಎಣ್ಣೆ ತಿಕ್ಕಿದೆವು, ದೊಡ್ಡ ದೊಡ್ಡ ಡಾಕ್ಟರಿಗೆ ತೋರಿಸಿದೆವು, ಅಷ್ಟೇ. ಸ್ಕೂಲಿನಲ್ಲಿ ಎಲ್ಲರೂ ಖೊಖೊ ಆಡುವಾಗ ಇವಳಿಗೆ ಚಪ್ಪಲಿ ಕಾಯುವ ಕೆಲಸ. ಸ್ವಲ್ಪ ದೊಡ್ಡವಳಾದ ಮೇಲೆ ಸ್ಕೋರು ಬರೆಯುವ ಕೆಲಸ. ಯಾರೂ ಬೈಯುತ್ತಿರಲಿಲ್ಲ, ಆಡಿಸುತ್ತಲೂ ಇರಲಿಲ್ಲ. ಸಾಯಂಕಾಲ ಬಂದು ಸ್ಕರ್ಟಿನ ಮೇಲೆ ಒಂದು ಚೂರೂ ಮಣ್ಣಿಲ್ಲದೆ ನಿಲ್ಲುತ್ತಿದ್ದಳು. ಬೇರೆ ಮನೆಯ ಅಜ್ಜಿಯರು ಮಕ್ಕಳ ಬಟ್ಟೆ ಮಣ್ಣಾಯಿತು ಅಂತ ಕೂಗಾಡುವುದು ಕೇಳಿದರೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಮೂರನೇ ಕ್ಲಾಸಿನಲ್ಲಿದ್ದಾಗ ಅವಳ ಸೋದರಮಾವ ತಾನು ಆಡಿ ಬಿಟ್ಟಿದ್ದ ಒಂದು ಗೇಮ್ ಪೆಟ್ಟಿಗೆಯನ್ನೂ ಒಂದು ಚೀಲ ಸಿ.ಡಿ.ಗಳನ್ನೂ ತಂದು ಕೊಟ್ಟ. ಟಿ.ವಿ.ಗೆ ಸಿಕ್ಕಿಸಿ ಆಡುವಂಥದ್ದು. ರಿಮೋಟು ಅಂತ ನಾನು ಕರೆಯುವ ಒಂದು ವಸ್ತುವನ್ನು ಎರಡೂ ಕೈಯಲ್ಲಿ ಹಿಡಿದು ಆಡಬೇಕು. ಇವಳು ಅದನ್ನು ತೊಡೆಯ ಮೇಲಿಟ್ಟು, ಬಲಗೈಯಲ್ಲಿ ಒತ್ತುತ್ತಾ, ಗದ್ದ ಊರಿಕೊಂಡು ಹಂಗೂ ಹಿಂಗೂ ಆಡಿದಳು. ಎರಡು ವರ್ಷಕ್ಕೆ ಅದು ಕೆಟ್ಟಿತು. ಅಷ್ಟರಲ್ಲಿ ಕಂಪನಿಯವರು ಎರಡನೇ ಪೆಟ್ಟಿಗೆ ಬಿಟ್ಟಿದ್ದರು. ನನ್ನ ಮಗ, ಅಂದರೆ ಅವಳಪ್ಪ, ಅದನ್ನು ತಂದ. ತಂದು ನೋಡಿದರೆ ಹಳೆಯ ಸಿ.ಡಿ. ಒಂದೂ ಅದರಲ್ಲಿ ಓಡಲಿಲ್ಲ. ಅದೇ ಕಂಪನಿ, ಅದೇ ಹೆಸರು, ಸಿ.ಡಿ. ಒಳಕ್ಕೆ ಹೋಗುತ್ತದೆ, ಸ್ವಲ್ಪ ಹೊತ್ತು ತಿರುಗಿ ಹೊರಕ್ಕೆ ಬರುತ್ತದೆ. ಆ ಒಂದು ಚೀಲ ಸಿ.ಡಿ.ಗಳನ್ನು ನಮ್ಮ ಯಜಮಾನರು ದಾರಕ್ಕೆ ಪೋಣಿಸಿ ಅವರೆ ಹೊಲದಲ್ಲಿ ಗಿಳಿ ಬೆದರಿಸಲು ಕಟ್ಟಿದರು. ಬಿಸಿಲಿಗೆ ಮಿರಮಿರ ಮಿಂಚುತ್ತಿದ್ದವು. ಅವಳು ಆ ಹೊಲದ ಕಡೆ ಹೋಗುವುದನ್ನೇ ಬಿಟ್ಟಳು.

ಎರಡನೇ ಪೆಟ್ಟಿಗೆಯಲ್ಲಿ ಫುಟ್ಬಾಲ್ ಆಟ ಇತ್ತು. ಅವಳಿಗೆ ಅದರ ಮೇಲೆ ಪ್ರಾಣ. ಆದರೆ ಆಟಗಾರರನ್ನು ಓಡಿಸಲು ಹೆಬ್ಬೆರಳಲ್ಲಿ ಹೊರಳಿಸುವ ಗುಬುಟು ರಿಮೋಟಿನ ಎಡಗಡೆಗಿತ್ತು. ಗದ್ದದಲ್ಲಿ ಆಗುವ ಕೆಲಸವಲ್ಲ. ಒಂದು ದಿನ ನಾನು ಅಡುಗೆಮನೆಯಲ್ಲಿ ಈಳಿಗೆ ಮಣೆ ಮೇಲೆ ಕಾಲಿಟ್ಟು ಸೋರೆಕಾಯಿ ಹೆಚ್ಚುತ್ತಿದ್ದೆ. ಅವಳು ಬಂದು ಹೊಸಿಲ ಮೇಲೆ ಕೂತಳು.

"ಆಗಲ್ಲ ಅಜ್ಜಿ. ಓಡ್ಸೋದು ಎಡಗಡೆ ಐತೆ."

ನಾನು ಮಣೆ ಮೇಲಿನ ನನ್ನ ಕಾಲನ್ನೇ ನೋಡುತ್ತಾ ಅಂದೆ: "ಎಡಗೈ ಆಗ್ದಿದ್ರೆ ಎಡಗಾಲಿಲ್ವೇನವ್ವ? ನಾನು ನಿತ್ಯ ಮಾಡ್ತಿಲ್ವಾ, ಕಾಲು ಒಂದು ಕೆಲ್ಸ, ಕೈ ಒಂದು ಕೆಲ್ಸ?"

ಕಾಲಲ್ಲಿ ಆಡುವ ಹಾಗೆ ಮಾಡಿಸೋಣ ಅಂತ ಮಣೆ ತೊಳೆದು ರಿಮೋಟಿನ ಜೊತೆ ಚೀಲಕ್ಕೆ ಹಾಕಿಕೊಂಡೆ. ಸೊಸೆ ಅಡ್ಡ ಬಂದಳು. "ಅತ್ತೆ, ತರಕಾರಿ ಹೆಚ್ಚೋ ಮಣೆನ ಆಟಕ್ಕೆ ಕೊಡ್ತೀರಾ? ನಾಳೆ ಕಾಯಿ ಎದ್ರಲ್ಲಿ ತುರೀಲಿ?"

"ಮಿಕ್ಸಿ ಬೇಕು ಬೇಕು ಅಂತ ತರ್ಸ್ಕೊಂಡ್ಯಲ್ಲ, ಅದ್ರಲ್ಲಿ ರುಬ್ಕೋ."

ತಿಪಟೂರಿನಲ್ಲಿ ನಮಗೆ ಗೊತ್ತಿದ್ದ ಒಬ್ಬ ರಿಪೇರಿಯವರಿದ್ದರು, ವಯಸ್ಸಾದ ಸಾಯಬರು. ಚೀಲದಿಂದ ಮಣೆ ತೆಗೆದು ಮೇಜಿನ ಮೇಲಿಟ್ಟಾಗ ಕನ್ನಡಕ ತೆಗೆದು ಒರೆಸಿಕೊಂಡರು.

"ಅಮ್ಮಾ, ವಯಸ್ಸೆಲ್ಲ ರೇಡಿಯೋ ಟಿ.ವಿ. ರಿಪೇರಿಯಲ್ಲೇ ಕಳೆದೆ. ಈಳಿಗೆ ಮಣೆ ರಿಪೇರಿಗೆ ತಂದೋರು ನೀವೇ ಮೊದಲು."

ಮಗುವನ್ನು ಎದುರಿಗೆ ಕೂರಿಸಿಕೊಂಡು ಅವಳ ಪಾದದ ಅಳತೆ ತಗೊಂಡರು, ಚಪ್ಪಲಿ ಹೊಲೆಯುವವರ ಹಾಗೆ. ಮಣೆಯ ಕತ್ತಿ ಬಿಚ್ಚಿದರು. ರಿಮೋಟು ಬಿಚ್ಚಿ ಎಡಗಡೆಯ ಗುಂಡಿಗಳ ವೈರು ಉದ್ದ ಮಾಡಿ ಮಣೆಗೆ ತಂದರು. ಓಡಿಸುವ ಗುಬುಟಿನ ಮೇಲೆ ಕೂರಿಸಲು ಏನು ಹಾಕೋಣ ಅಂತ ಯೋಚನೆ ಮಾಡುವಾಗ ನಾನೇ ಮನೆಯಿಂದ ಒಂದು ಸಣ್ಣ ಕಾಯಿಯ ಕರಟ ತಂದು ಕೊಟ್ಟೆ. ಉಜ್ಜಿ ನುಣ್ಣಗೆ ಮಾಡಿ ಬೋರಲು ಹಾಕಿದರು. ಪಾದದ ಗುಳಿಗೆ ಸರಿಯಾಗಿ ಕೂತಿತು. ಕರಟವನ್ನು ಪಾದದಲ್ಲಿ ಹೊರಳಿಸಿದರೆ ಟಿ.ವಿ.ಯಲ್ಲಿ ಆಳು ಆ ಕಡೆ ಓಡುತ್ತಾನೆ. ಹೆಬ್ಬೆರಳಿಗೆ ಎರಡು ಗುಂಡಿ. ಬಲಗಡೆಯದು ಬಲಗೈಗೆ.

ಆಮೇಲೆ ನಾಲ್ಕು ವರ್ಷ ನಮ್ಮ ಮನೆಯಲ್ಲಿ ಹಬ್ಬ. ನೆಟ್ಟಿನಲ್ಲಿ ಎಲ್ಲಿಯದೋ ಮಕ್ಕಳ ಜೊತೆ, ಅವಳ ಕ್ಲಾಸಿನ ಮಕ್ಕಳ ಜೊತೆ ಆಡುತ್ತಿದ್ದಳು. ಅಲ್ಲಿ ಯಾರಿಗೂ ಅವಳ ಕೈ ಕಾಣುತ್ತಿರಲಿಲ್ಲ. ಅವಳು ಗೋಲು ಹೊಡೆದರೆ ಬೈಯುತ್ತಿದ್ದರು, ಅವಳೂ ಬೈಯುತ್ತಿದ್ದಳು. ಒಂದು ಮಧ್ಯಾಹ್ನ ಯಾರೋ ಹುಡುಗ ಅವಳಿಗೆ ಮೋಸಗಾತಿ ಅಂತ ಕೂಗಿದ್ದು ಟಿ.ವಿ.ಯಲ್ಲಿ ಕೇಳಿಸಿತು. ನನಗೆ ಎಷ್ಟು ಖುಷಿಯಾಯಿತು! ಪಾಪ ಅನ್ನದೆ ಅವಳನ್ನು ಬೈದದ್ದು ನಾನು ಕಿವಿಯಾರೆ ಕೇಳಿದ್ದು ಅದೇ ಮೊದಲು.

ಹಾಗಿರುವಾಗ ಮೂರನೇ ಪೆಟ್ಟಿಗೆ ಬಂತು.

ಬಂತು ಅಂದರೆ ಸಿಕ್ಕಿತು ಅಂತಲ್ಲ. ಒಂದು ವರ್ಷ ಯಾವ ಅಂಗಡಿಯಲ್ಲೂ ಇಲ್ಲ. ಇಲ್ಲ ಇಲ್ಲ ಅಂದಷ್ಟೂ ಎಲ್ಲರಿಗೂ ಅದರ ಮೇಲೆ ಆಸೆ ಜಾಸ್ತಿ. ಅವಳ ಕ್ಲಾಸಿನ ಮಕ್ಕಳು ಒಬ್ಬೊಬ್ಬರೇ ಹೇಗೋ ಸಂಪಾದಿಸಿಕೊಂಡು ಅಲ್ಲಿಗೆ ಹೋದರು. ಇವಳಿಗೆ ಆಗ ಹದಿನಾಲ್ಕು. ಬೇಕು ಅಂತ ಬಾಯಿ ಬಿಟ್ಟು ಕೇಳಿದವಳಲ್ಲ. ಕೇಳಿದವಳು ನಾನು. ಮಗನ ಹಿಂದೆ ಬಿದ್ದು, ಊಟಕ್ಕೆ ಕೂತಾಗ, ಹಾಲು ಕರೆಯುವಾಗ, ಅದೇ ರಾಗ. ಒಂದು ದಿನ ಅಂಗಡಿಯಿಂದ ಫೋನು ಬಂತು: ಒಂದೇ ಒಂದು ಬಂದಿದೆ, ಹಳೆಯದನ್ನು ತಂದು ಕೊಟ್ಟರೆ ಎಕ್ಸ್‌ಚೇಂಜ್ ಮೇಲೆ ನಿಮಗೇ, ಸಾಯಂಕಾಲದೊಳಗೆ ಬನ್ನಿ. ನಾನೂ ಮಗನ ಜೊತೆ ಹೊರಟೆ. ಮೊದಲ ಸಲ ಸಿ.ಡಿ. ವಿಷಯದಲ್ಲಿ ಕೈ ಸುಟ್ಟುಕೊಂಡಿದ್ದೆವಲ್ಲ, ಈ ಸಲ ಮೋಸ ಹೋಗಬಾರದು ಅಂತ.

"ಹಳೇ ಸಿ.ಡಿ. ಇದ್ರಲ್ಲಿ ಓಡ್ತವೇನಪ್ಪ?" ಅಂತ ಅಂಗಡಿಯವನನ್ನು ಕೇಳಿದೆ.

"ಓಡ್ತವೆ ಅಜ್ಜಿ. ಕಂಪನಿಯೋರು ಈ ಸಲ ಬುದ್ಧಿ ಕಲ್ತವ್ರೆ."

"ಎಲ್ಲಾನೂ?"

"ಎಲ್ಲಾನೂ ಓಡ್ತವೆ."

"ಹಂಗೇ ಬಾಯಿಮಾತಲ್ಲಿ ಬ್ಯಾಡ, ಹಾಕಿ ತೋರ್ಸು."

ಹಾಕಿ ತೋರಿಸಿದ. ಓಡಿತು. ಸುಳ್ಳು ಹೇಳಲಿಲ್ಲ ಅವನು. ಸಿ.ಡಿ.ಯನ್ನು ಮೂರು ಸಲ ಕೇಳಿದ ನಾನು ಮಣೆಯನ್ನು ಒಂದು ಸಲವೂ ಕೇಳಲಿಲ್ಲ. ನನಗೆ ಹೊಳೆಯಲೇ ಇಲ್ಲ. ಹಿಂದಿನ ಗಾಯ ಎಲ್ಲಿತ್ತೋ ಅಲ್ಲಿಗೇ ಕೈ ಹೋಯಿತು.

ಇನ್ನೊಂದು ಕೆಲಸ ಮಾಡಿದೆ. ಹುಳಿಯಾರಿನ ಹತ್ತಿರ ಕೆಂಕೆರೆ ನನ್ನ ತವರು. ನಮ್ಮಪ್ಪ ದನ ಮಾರಿದರೆ ಹಗ್ಗ ಬಿಚ್ಚಿ ಇಟ್ಟುಕೊಳ್ಳುತ್ತಿದ್ದರು, ಕೊಂಡವರು ತಮ್ಮ ಹಗ್ಗ ತಂದು ಕಟ್ಟಿಕೊಂಡು ಹೋಗಬೇಕು. ಹಗ್ಗ ಉಳಿದರೆ ಕೊಟ್ಟಿಗೆಯ ಲಕ್ಷ್ಮಿ ಉಳಿಯುತ್ತಾಳೆ ಅಂತ. ಎರಡನೇ ಪೆಟ್ಟಿಗೆಯನ್ನು ಅಂಗಡಿಯ ಮೇಜಿನ ಮೇಲಿಟ್ಟಾಗ ನನ್ನ ಕೈ ತಾನಾಗಿಯೇ ಅದರ ವೈರುಗಳನ್ನೆಲ್ಲ ಕಿತ್ತು ಸೆರಗಿಗೆ ಸುತ್ತಿಕೊಂಡಿತು.

"ವೈರ್ ಇಲ್ದೆ ನಾನೇನ್ ಮಾಡ್ಲಿ ಅಜ್ಜಿ?" ಅಂದ ಅಂಗಡಿಯವನು.

"ನಿನ್ ಹಗ್ಗ ನೀನು ತಂದ್ಕೊಳಪ್ಪ. ಇದು ಕೊಡಲ್ಲ."

ಮಗ ತಲೆ ತಗ್ಗಿಸಿಕೊಂಡು ನಿಂತ. ಅಂಗಡಿಯಲ್ಲಿದ್ದವರು ನಕ್ಕರು. ನಾನೂ ಹೆಮ್ಮೆಯಿಂದಲೇ ನಕ್ಕೆ. ಲಕ್ಷ್ಮಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದೆ ಅಂದುಕೊಂಡಿದ್ದೆ. ನಾಲ್ಕು ವರ್ಷ ಮಗು ಒಬ್ಬೊಬ್ಬ ಆಟಗಾರನನ್ನು ಆರಿಸಿ ಕಟ್ಟಿದ್ದ ಅವಳ ತಂಡ ಆ ಪೆಟ್ಟಿಗೆಯ ಹೊಟ್ಟೆಯೊಳಗೇ ಇತ್ತು. ಅದನ್ನು ಮೊದಲು ಹೊಸದಕ್ಕೆ ಇಳಿಸಿಕೊಳ್ಳಬೇಕಿತ್ತಂತೆ. ಅವಸರದಲ್ಲಿ ಸ್ಕೂಲಿನಲ್ಲಿದ್ದ ಅವಳನ್ನು ಯಾರೂ ಕೇಳಲಿಲ್ಲ. ಅಂಗಡಿಯವನು ಆವತ್ತೇ ಎಲ್ಲ ಅಳಿಸಿ ಬೇರೆ ಊರಿನವರಿಗೆ ಕೊಟ್ಟಿದ್ದ. ಸಾಯಂಕಾಲ ಅವಳು ಹೊಸ ಪೆಟ್ಟಿಗೆ ನೋಡಿ ಕುಣಿದಳು, ಆಮೇಲೆ ಹಳೆಯದು ಎಲ್ಲಿ ಅಂತ ಕೇಳಿದಳು. ನಾನು ಸೆರಗು ಬಿಚ್ಚಿ ವೈರು ತೋರಿಸಿದೆ.

ಅವಳು ಬೈಯಲಿಲ್ಲ. "ಹೋಗ್ಲಿ ಬುಡಜ್ಜಿ, ಮತ್ತೆ ಕಟ್ತೀನಿ" ಅಂದಳು.

ಹತ್ತು ದಿನ ಹಳೆಯ ಸಿ.ಡಿ. ಹಾಕಿ ಮಣೆ ಜೋಡಿಸಿ ಹೊಸ ಪೆಟ್ಟಿಗೆಯಲ್ಲಿ ಆಡಿದಳು. ಎಲ್ಲ ಸರಿಯಿತ್ತು. ಆಮೇಲೆ ಅವಳ ಜೊತೆಯವರು ಆಡುತ್ತಿದ್ದ ಆ ವರ್ಷದ ಹೊಸ ಆಟ ಹಾಕಿದಳು. ಟಿ.ವಿ. ಮೇಲೆ ನಾಲ್ಕು ಸಾಲು ಇಂಗ್ಲಿಷ್ ಬಂತು. ಕಾಲು ಕರಟದ ಮೇಲೆ ಇಟ್ಟುಕೊಂಡೇ ಓದಿದಳು.

"ಏನಂತೆ? ಕೆಟ್ಟೋಯ್ತಾ ಮಣೆ?" ಅಂದೆ.

"ಕೆಟ್ಟಿಲ್ಲ ಅಜ್ಜಿ. ಹಳೇ ರಿಮೋಟು ಹಳೇ ಆಟಕ್ಕೆ ಮಾತ್ರ ಅಂತೆ. ಹೊಸ ಆಟಕ್ಕೆ ಹೊಸ ರಿಮೋಟೇ ಆಗ್ಬೇಕಂತೆ."

"ವೈರು ಕೂರ್ತೈತಲ್ಲ?"

"ಕೂರ್ತೈತೆ. ಪೆಟ್ಟಿಗೆಗೆ ಇದ್ರ ಗುರ್ತೂ ಐತೆ. ಆದ್ರೂ ಬರ್ಬೇಡ ಅಂತೈತೆ."

ಜಗಲಿಯವರೆಗೆ ಕರೆದು ಕೂರಿಸಿ ಒಳಗೆ ಮಾತ್ರ ಕಾಲಿಡಬೇಡ ಅನ್ನುವ ಜನರನ್ನು ನಾನು ನೋಡಿದ್ದೇನೆ. ಪೆಟ್ಟಿಗೆಗೂ ಅದನ್ನು ಕಲಿಸುತ್ತಾರೆ ಅಂತ ಗೊತ್ತಿರಲಿಲ್ಲ. ಕೆಟ್ಟಿದ್ದರೆ ರಿಪೇರಿ ಮಾಡಿಸಬಹುದಿತ್ತು. ಒಪ್ಪುವುದಿಲ್ಲ ಅನ್ನುವುದಕ್ಕೆ ಯಾವ ರಿಪೇರಿ?

ಹೊಸ ರಿಮೋಟು ತಗೊಂಡು ಸಾಯಬರ ಹತ್ತಿರ ಓಡಿದೆ. ಬಿಚ್ಚಿ, ಭೂತಗನ್ನಡಿ ಹಿಡಿದು ನೋಡಿ, ಹಾಗೇ ಮುಚ್ಚಿಟ್ಟರು. "ಅಮ್ಮಾ, ಅದ್ರಲ್ಲಿ ವೈರ್ ಎಳೆಯೋಕೆ ಜಾಗ ಇತ್ತು. ಇದ್ರಲ್ಲಿ ಈರುಳ್ಳಿ ಸಿಪ್ಪೆ ಹಂಗೆ ತೆಳ್ಳಗೆ ಪಟ್ಟಿ ಅವೆ. ನನ್ನ ಕೈ ಈಗ ನಡುಗುತ್ತೆ. ಹಾಳು ಮಾಡಿ ಕೊಟ್ಟರೆ ಮಗುಗೆ ಏನು ಹೇಳಲಿ?" ದುಡ್ಡು ಬೇಡ ಅಂದರು. ಟೀ ತರಿಸಿದರು. ಕುಡಿದು, ರಿಮೋಟು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ.

ಇದಕ್ಕಿಂತ ಕಹಿಯಾದ ಸುದ್ದಿ ಒಂದು ತಿಂಗಳಾದ ಮೇಲೆ ಬಂತು. ಕಂಪನಿಯವರು ಹಳೆಯ ಪೆಟ್ಟಿಗೆಯನ್ನು ಒಮ್ಮೆಗೇ ಕೈ ಬಿಟ್ಟಿರಲಿಲ್ಲವಂತೆ. ಅದೇ ಫುಟ್ಬಾಲ್ ಆಟವನ್ನು ಹಳೆಯ ಪೆಟ್ಟಿಗೆಯಲ್ಲಿ ಮಾತ್ರ ಓಡುವ ಹಾಗೆ ಬೇರೆ ಮಾಡಿ ಇನ್ನೂ ಎರಡು ಮೂರು ವರ್ಷ ಬಿಡುತ್ತಾರಂತೆ.

"ಅಂದ್ರೆ ಹಳೇದು ಇಟ್ಕೊಂಡಿದ್ರೆ?" ಅಂತ ಮಗನನ್ನು ಕೇಳಿದೆ.

"ಆ ಮಣೆಯಲ್ಲೇ ಆಡ್ಬೋದಿತ್ತು ಕಣವ್ವ."

"ಮತ್ತೆ ಅಂಗ್ಡಿಯೋನು ಹೇಳ್ಲಿಲ್ಲ?"

"ಅವ್ನ್ಯಾಕೆ ಹೇಳ್ತಾನೆ? ನಾವ್ ಕೇಳಿದ್ದು ಸಿ.ಡಿ."

ಇನ್ನೊಂದು ಹಳೆಯದನ್ನು ಹುಡುಕಿ ತಾ ಅಂದೆ. ಒಂದು ಮನೆಗೆ ಎರಡು ಪೆಟ್ಟಿಗೆಯಾ ಅಂತ ಅವನು ಸಿಟ್ಟು ಮಾಡಿಕೊಂಡ. ಅವತ್ತು ಅವನಿಗೂ ನನಗೂ ಜೋರು ಜೋರು ಮಾತಾಯಿತು. ಆಮೇಲೆ ಅವನು ಹುಡುಕಿದನಂತೆ, ನನಗೆ ಹೇಳದೆ. ಸಿಗಲಿಲ್ಲ. ನೆಟ್ಟಿನಲ್ಲಿ ಮಾರುವವರೂ ಬಾಯಿಗೆ ಬಂದ ರೇಟು ಹೇಳುತ್ತಿದ್ದರು.

ಅವಳು ಹಳೆಯ ಸಿ.ಡಿ.ಯಲ್ಲೇ ಆಡಿಕೊಂಡಿದ್ದಳು. ಆದರೆ ಆ ಆಟದೊಳಗೆ ಬರುವವರು ದಿನೇ ದಿನೇ ಕಮ್ಮಿಯಾದರು, ಎಲ್ಲರೂ ಹೊಸದಕ್ಕೆ ಹೋಗುತ್ತಿದ್ದರಲ್ಲ. ಕೊನೆಗೆ ಕಂಪನಿಯವರ ನೋಟೀಸು ಬಂತು: ಇಂಥ ದಿನದಿಂದ ಈ ಆಟದ ನೆಟ್ ಬಾಗಿಲು ಮುಚ್ಚುತ್ತೇವೆ, ಇನ್ನು ಮನೆಯೊಳಗೆ ಒಬ್ಬರೇ ಆಡಿಕೊಳ್ಳಿ ಅಂತ. ಆ ಕೊನೆಯ ದಿನ ಸ್ಕೂಲಿನಿಂದ ಬಂದವಳು ಕಾಫಿಯನ್ನೂ ಕುಡಿಯದೆ ಮಣೆಯ ಮೇಲೆ ಕಾಲಿಟ್ಟು ಕೂತಳು. ಎದುರಾಳಿಯನ್ನು ಹುಡುಕುತ್ತಿದ್ದೇವೆ ಅಂತ ಟಿ.ವಿ.ಯಲ್ಲಿ ಒಂದು ಬಳೆ ಸುತ್ತುತ್ತಲೇ ಇತ್ತು. ಯಾರೂ ಬರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ತಾನೇ ಆರಿಸಿ ಎದ್ದಳು.

ನಮ್ಮ ಯಜಮಾನರಿಗೆ ಸಿಟ್ಟು ಬರುವುದು ಅಪರೂಪ. ಆವತ್ತು ಬಂತು. ಮಗ ಎಲ್ಲಿಯೋ ಓದಿದ್ದನ್ನು ಹೇಳುತ್ತಿದ್ದ: ಹೊಸದು ಮಾಡೋರಿಗೆ ಹಳೇದನ್ನ ಎಷ್ಟು ದಿನ ಹೊರೋಕಾಗುತ್ತೆ, ಒಂದಿನ ಇಳಿಸಲೇಬೇಕು, ಇಲ್ದಿದ್ರೆ ಹೊಸದನ್ನ ಯಾರು ತಗೋತಾರೆ ಅಂತ.

"ಲೇ, ತೋಟದಲ್ಲಿ ನಾವು ಹೆಂಗ್ಲಾ ಮಾಡ್ತೀವಿ?" ಅಂದರು ಇವರು. "ಮುದಿಮರ ಕಡಿಯೋಕೆ ಮೊದ್ಲು ನಾಕು ಮರದ ಮಧ್ಯ ಸಸಿ ನೆಡಲ್ವಾ? ಸಸಿ ಫಲಕ್ಕೆ ಬರೋಗಂಟ ಮುದಿಮರಕ್ಕೂ ಗೊಬ್ರ ಹಾಕಲ್ವಾ? ಎಂಟೊರ್ಸ ಕಾಯ್ತೀವಿ ಕಣ್ಲಾ. ಎರಡೂ ಒಂದೇ ನೀರು ಕುಡೀತವೆ."

"ಅವ್ರೂ ಸ್ವಲ್ಪ ವರ್ಸ ಎರಡಕ್ಕೂ ನೀರು ಹಾಕ್ತಾರೆ ಕಣಪ್ಪ. ನಾವೇ ಮೊದ್ಲೇ ಕಡಿಸ್ಬುಟ್ವಿ."

ಇಬ್ಬರೂ ನನ್ನ ಕಡೆ ನೋಡಲಿಲ್ಲ. ನೋಡದೆ ಇದ್ದದ್ದೇ ಸಾಕಾಯಿತು ನನಗೆ. ಎದ್ದು ಹೋಗಿ ಹಸುವಿಗೆ ಬೇಕಿಲ್ಲದಿದ್ದರೂ ಹುಲ್ಲು ಹಾಕಿದೆ.

ಮಾರನೇ ವರ್ಷ ಸಾಯಬರೇ ಫೋನು ಮಾಡಿ ಕರೆದರು. ಬೆಂಗಳೂರಿನಿಂದ ಯಾರ ಕೈಲೋ ಬೆರಳುದ್ದದ ಒಂದು ಅಡಾಪ್ಟರು ತರಿಸಿದ್ದರು. ಹಳೆಯ ರಿಮೋಟಿಗೂ ಹೊಸ ಪೆಟ್ಟಿಗೆಗೂ ನಡುವೆ ಅದನ್ನು ಹಾಕಿದರೆ ಪೆಟ್ಟಿಗೆ ಹೊಸ ರಿಮೋಟು ಅಂತಲೇ ನಂಬುತ್ತದೆ. ಹಾಕಿದಳು. ನಂಬಿತು! ನಾನು ಅವತ್ತು ಓಣಿಗೆಲ್ಲ ಕೊಬ್ಬರಿ ಮಿಠಾಯಿ ಹಂಚಿದೆ. ನಾಲ್ಕು ತಿಂಗಳು ಆಡಿದಳು. ಹೊಸ ತಂಡ ಕಟ್ಟಿದಳು. ಒಂದು ಬೆಳಿಗ್ಗೆ ಪೆಟ್ಟಿಗೆ ತನ್ನಷ್ಟಕ್ಕೆ ತಾನು ಅಪ್‌ಡೇಟ್ ಅಂತ ಏನೋ ಮಾಡಿಕೊಂಡಿತು. ಮಧ್ಯಾಹ್ನ ಮಣೆ ಜೋಡಿಸಿದರೆ ಮತ್ತೆ ನಾಲ್ಕು ಸಾಲು ಇಂಗ್ಲಿಷ್. ಒಪ್ಪಿಗೆಯಿಲ್ಲದ ವಸ್ತು, ತೆಗೆದುಹಾಕಿ. ಯಾರೋ ಹುಡುಗರು ಅಂಥ ಅಡಾಪ್ಟರಿನಲ್ಲಿ ಮೋಸದ ಆಟ ಆಡುತ್ತಿದ್ದರಂತೆ, ಅವರನ್ನು ತಡೆಯಲು ಕಂಪನಿಯವರು ಹಾಕಿದ ಬೇಲಿಯಂತೆ. ಇರಬಹುದು. ಬೇಲಿಯ ಹೊರಗೆ ಯಾರು ಯಾರು ಉಳಿದರು ಅಂತ ಎಣಿಸಿ ನೋಡಿದವರು ಯಾರೂ ಇರಲಿಲ್ಲ.

ಅವಳು ಮಣೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಅಟ್ಟಣಿಗೆಯ ಮೇಲಿಟ್ಟು ಅವಳಮ್ಮನಿಗೆ, "ಅಮ್ಮಾ, ಬೇಕಾದ್ರೆ ಕತ್ತಿ ಹಾಕ್ಸಿ ತರಕಾರಿ ಹೆಚ್ಕೋ" ಅಂದಳು.

ಅಷ್ಟೇ ಅಂದಿದ್ದು. ಸೊಸೆ ಬಾಗಿಲ ಹಿಂದೆ ನಿಂತು ಅತ್ತಳು. ಆಮೇಲೆ ಒಂದೂವರೆ ವರ್ಷ ಟಿ.ವಿ. ಕೆಳಗೆ ಆ ಪೆಟ್ಟಿಗೆ ಬಟ್ಟೆ ಹೊದ್ದು ಮಲಗಿತ್ತು. ಕೈಕಾಲು ಸ್ವಾಧೀನ ಇಲ್ಲದವರಿಗೆ ಅಂತಲೇ ಕಂಪನಿಯವರು ಬೇರೆ ರಿಮೋಟು ಮಾಡಿದ್ದಾರೆ ಅಂತ ಕೇಳಿ ಮಗ ವಿಚಾರಿಸಿದ. ನಮ್ಮ ಕಡೆ ಬರಲ್ಲ ಅಂದರು ಅಂಗಡಿಯವರು. ಪೆಟ್ಟಿಗೆ ಮಾಡಿದ ದಿನವೇ ಅದನ್ನೂ ಮಾಡಿದ್ದರೆ ಏನಾಗುತ್ತಿತ್ತು? ಪೆಟ್ಟಿಗೆ ಮೊದಲು ಬಂತು, ಅದು ಮೂರು ವರ್ಷ ಬಿಟ್ಟು ಬಂತು. ಮಕ್ಕಳ ಹದಿನಾಲ್ಕು, ಹದಿನೈದು, ಹದಿನಾರನೇ ವಯಸ್ಸು ಮಾತ್ರ ಯಾರಿಗೂ ಕಾಯುವುದಿಲ್ಲ.

ಎಸ್ಸೆಸ್ಸೆಲ್ಸಿ ಆದ ಮೇಲೆ ಅವಳು ಡಿಪ್ಲೊಮಾಕ್ಕೆ ಸೇರಿದಳು, ಎಲೆಕ್ಟ್ರಾನಿಕ್ಸು. ತಿಪಟೂರಿಗೆ ಬಸ್ಸಿನಲ್ಲಿ ಹೋಗಿ ಬರುವುದು. ಅಲ್ಲಿ ಬೆಸುಗೆ ಹಾಕುವುದನ್ನು ಕಲಿಸಿದರು. ಎರಡನೇ ವರ್ಷದ ರಜೆಯಲ್ಲಿ ಒಂದು ಮಧ್ಯಾಹ್ನ ನಾನು ಕೊಬ್ಬರಿ ಕೊಠಡಿಯ ಮುಂದೆ ಕೂತಿದ್ದೆ. ಹೊಸ ರಿಮೋಟು, ಬೆಸುಗೆ ಕಡ್ಡಿ, ಕೂದಲಿನಷ್ಟು ಸಣ್ಣ ತಂತಿ ತಂದು ಮುಂದೆ ಹರಡಿದಳು.

"ಅಜ್ಜಿ, ಇದ್ನ ಹಿಡ್ಕೋ. ನಾನು ಬುಡು ಅನ್ನೋಗಂಟ ಬುಡ್ಬೇಡ."

ಹಿಡಿದೆ. ತಂತಿ ಬೆರಳ ಸಂದಿಯಿಂದ ಜಾರಿತು.

"ಅಲ್ಲಾಡ್ಬೇಡ ಕಣಜ್ಜಿ! ನಿನ್ ಕೈಗಿಂತ ನನ್ ಎಡಗೈಯೇ ವಾಸಿ."

"ಹಂಗಾದ್ರೆ ಅದ್ನೇ ಕರ್ಕೊಂಡ್ ಬಾ, ನಾನು ಎದ್ದೋಗ್ತೀನಿ."

ಅವಳು ನಕ್ಕಳು. ಎಷ್ಟು ದಿನದ ಮೇಲೆ!

ಮೊದಲನೇ ರಿಮೋಟು ಸುಟ್ಟುಹೋಯಿತು. ಎರಡನೆಯದೂ ಹೋಯಿತು. ನಾನು ಬೇಡ ಬುಡು ಅಂದೆ, ಅವಳು ಬಿಡಲಿಲ್ಲ. ಸಾಯಬರನ್ನು ಮಗ ಬೈಕಿನಲ್ಲಿ ಕರೆದು ತಂದ. ಅವರು ಕುರ್ಚಿಯಲ್ಲಿ ಕೂತು ಬಾಯಲ್ಲಿ ಹೇಳಿದರು, ಅವಳು ಮಾಡಿದಳು, ನಾನು ಹಿಡಿದೆ. ಮೂರನೆಯದರಲ್ಲಿ ಆಯಿತು. ಅಟ್ಟಣಿಗೆಯಿಂದ ಮಣೆ ಇಳಿಸಿ ಒರೆಸಿ, ಹಳೆಯ ಕರಟವನ್ನೇ ಹೊಸ ಗುಬುಟಿನ ಮೇಲೆ ಕೂರಿಸಿದಳು. ಇದು ಕಂಪನಿಯದೇ ಹೊಸ ರಿಮೋಟು, ಕೈಕಾಲು ಮಾತ್ರ ಉದ್ದ. ಪೆಟ್ಟಿಗೆ ಬೇಡ ಅನ್ನಲು ದಾರಿಯಿರಲಿಲ್ಲ.

ಭಾನುವಾರ ತುಮಕೂರಿನಲ್ಲಿ ಪೆಟ್ಟಿಗೆಯ ಬದಲು ಮನುಷ್ಯರು ಬೇಡ ಅಂದರು. ಪಂದ್ಯ ನಡೆಸುವವರು ಮಣೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಏನಮ್ಮ ಇದು? ಕಂಪನಿ ರಿಮೋಟ್ ಬಿಟ್ಟು ಬೇರೇದು ತರೋ ಹಂಗಿಲ್ಲ."

"ಸಾರ್, ಕಂಪನೀದೇ. ಒಳಗಡೆ ಬೋರ್ಡ್ ಮೇಲೆ ನಂಬರ್ ಐತೆ, ನೋಡಿ."

ಅವಳ ದನಿ ಗಟ್ಟಿಯಾಗಿತ್ತು. ಅವಳ ಎದುರಿಗೆ ಆಡಬೇಕಿದ್ದ ಹುಡುಗ ಪಕ್ಕದವನಿಗೆ ಕಣ್ಣು ಹೊಡೆದು, "ಆಡ್ಲಿ ಬಿಡಿ ಸಾರ್, ಕಾಲಲ್ಲಿ ಆಡ್ತಾರಂತೆ. ಐದು ನಿಮಿಷದ ಕೆಲ್ಸ" ಅಂದ.

ನಡೆಸುವವರು ಮಣೆ ವಾಪಸು ಕೊಟ್ಟು, ಪೆಟ್ಟಿಗೆ ಒಪ್ಪಿದರೆ ಆಡಲಿ ಅಂದರು. ಅವಳು ಜೋಡಿಸಿದಳು. ನಾನು ದೇವರ ಹೆಸರು ಹೇಳಲಿಲ್ಲ, ಆ ಕಂಪನಿಯವರಿಗೆ ಹಿಡಿ ಶಾಪ ಹಾಕಲು ಬಾಯಿ ಸಿದ್ಧಮಾಡಿಕೊಂಡು ಕೂತಿದ್ದೆ. ಸಣ್ಣ ದೀಪ ಹತ್ತಿತು. ಟಿ.ವಿ.ಯಲ್ಲಿ ಇಂಗ್ಲಿಷ್ ಸಾಲು ಬರಲಿಲ್ಲ, ಹಸಿರು ಮೈದಾನ ಬಂತು.

ಕಣ್ಣು ಹೊಡೆದವನು ಮೂರು ಗೋಲು ತಿಂದ. ಅವನಾದ ಮೇಲೆ ಇನ್ನೂ ನಾಲ್ವರು. ಕೊನೆಯವನು ಸೋತಾಗ ಎದ್ದು ನಿಂತು, "ಅಕ್ಕಾ, ನಿಮ್ಮ ಐ.ಡಿ. ಕೊಡಿ, ನೆಟ್ಟಲ್ಲಿ ಇನ್ನೊಂದ್ಸಲ ನೋಡ್ಕೊತೀನಿ" ಅಂತ ಮುಖ ಕೆಂಪು ಮಾಡಿಕೊಂಡು ಕೇಳಿದ. ಅವಳು ಕಪ್ಪಿಗಿಂತ ಅದಕ್ಕೇ ಹೆಚ್ಚು ಹಿಗ್ಗಿದಳು ಅಂತ ನನಗೆ ಅನ್ನಿಸಿತು.

ಅಲ್ಲಿಂದಲೇ ಯಜಮಾನರಿಗೆ ಫೋನು ಮಾಡಿದೆ. "ಕಪ್ಪು ಬೆಳ್ಳೀದೇನೇ?" ಅಂದರು.

"ಪ್ಲಾಸ್ಟಿಕ್ ಕಣ್ರೀ. ಬಣ್ಣ ಬೆಳ್ಳೀದು."

"ಇರ್ಲಿ ಬುಡು. ದೇವರ ಗೂಡಲ್ಲಿ ಜಾಗ ಮಾಡಿಟ್ಟಿರ್ತೀನಿ."

ಬಸ್ಸಿನಲ್ಲಿ ಮಗ ಫೋನು ನೋಡುತ್ತಾ ಕೂತಿದ್ದವನು ಮೆಲ್ಲಗೆ ಹೇಳಿದ, ನಾಲ್ಕನೇ ಪೆಟ್ಟಿಗೆಯ ಕೆಲಸ ಶುರುವಾಗಿದೆಯಂತೆ, ಅದರಲ್ಲಿ ಸಿ.ಡಿ. ಹಾಕುವ ಬಾಯಿಯೇ ಇರುವುದಿಲ್ಲ ಅಂತ ಜನ ಮಾತಾಡಿಕೊಳ್ಳುತ್ತಿದ್ದಾರೆ ಅಂತ. ನಾನು ಕಪ್ಪನ್ನು ಮಡಿಲಿಗೆ ಎಳೆದುಕೊಂಡೆ. ಇವಳು ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದಳು, ನಿದ್ದೆ ಅಂದುಕೊಂಡಿದ್ದೆವು.

"ಬರ್ಲಿ ಬುಡಪ್ಪ" ಅಂದಳು, ಕಣ್ಣು ತೆರೆಯದೆ. "ಅದನ್ನೂ ಬಿಚ್ತೀನಿ."

ಹತ್ತೊಂಬತ್ತು ವರ್ಷದ ಹುಡುಗಿಗೆ ಆ ಮಾತು ಬರಬಾರದಿತ್ತು. ಆಡುವುದಕ್ಕೆ ಮೊದಲು ಪ್ರತಿ ಸಲವೂ ಬಿಚ್ಚಲೇಬೇಕು ಅಂತ ಅವಳು ಒಪ್ಪಿಕೊಂಡುಬಿಟ್ಟಿದ್ದಾಳೆ. ಬೇರೆ ಮಕ್ಕಳು ಪೆಟ್ಟಿಗೆ ತರುತ್ತಾರೆ, ಕೂರುತ್ತಾರೆ, ಆಡುತ್ತಾರೆ.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಸೊಸೆ ಒತ್ತು ಶಾವಿಗೆಗೆ ಹಿಟ್ಟು ಬೇಯಿಸಿ ಇಟ್ಟಿದ್ದಳು. ಮಗ ಶಾವಿಗೆ ಒರಳಿನ ಹಿಡಿ ಒತ್ತಿದ, ಯಜಮಾನರು ಕೆಳಗೆ ತಟ್ಟೆ ತಿರುಗಿಸಿದರು, ನಾನು ಎರಡು ಕಾಯಿ ಒಡೆದು ಹಾಲು ಹಿಂಡಿ ಬೆಲ್ಲ, ಏಲಕ್ಕಿ ಹಾಕಿದೆ. ಐದೂ ಜನ ನಡುಮನೆಯಲ್ಲಿ ನೆಲದ ಮೇಲೆ ಸಾಲಾಗಿ ಕೂತೆವು. ಸಾಮಾನ್ಯವಾಗಿ ಹೆಂಗಸರು ಆಮೇಲೆ ಉಣ್ಣುವುದು, ಆವತ್ತು ಯಜಮಾನರೇ "ಎಲ್ಲಾ ಒಟ್ಟಿಗೇ ಕೂತ್ಕಳಿ, ಬೇಕಾದ್ದು ಕೈ ಚಾಚಿ ಹಾಕ್ಕಳೋಣ" ಅಂದರು. ಬಿಸಿ ಶಾವಿಗೆಯ ಮೇಲೆ ಕಾಯಿಹಾಲು ಸುರಿದು, ಬೆರಳಲ್ಲಿ ಕಲಸಿ, ಸುರ್ ಅಂತ ಶಬ್ದ ಮಾಡಿಕೊಂಡು ಉಂಡೆವು. ನಾನು ಒಮ್ಮೆ ತಲೆಯೆತ್ತಿ ಸಾಲಿನ ಉದ್ದಕ್ಕೂ ನೋಡಿದೆ. ಎಲ್ಲರೂ ಬಲಗೈಯಲ್ಲಿ ಉಣ್ಣುತ್ತಿದ್ದರು, ಎಲ್ಲರ ಎಡಗೈಯೂ ತೊಡೆಯ ಮೇಲೆ ಸುಮ್ಮನಿತ್ತು.

"ಏನಜ್ಜಿ ನೋಡ್ತಾ ಕೂತೆ?" ಅಂದಳು ಅವಳು, ತಟ್ಟೆ ಮುಂದಕ್ಕೆ ತಳ್ಳಿ. "ಇನ್ನೊಂದು ಸೌಟು ಹಾಲು ಹಾಕು."

ಹಾಕಿದೆ. ತಟ್ಟೆ ತುಂಬಿ ಅಂಚಿನಿಂದ ಸ್ವಲ್ಪ ನೆಲಕ್ಕೂ ಹರಿಯಿತು.